ಪೂರ್ವ ಏಷ್ಯಾದ ಪುರಾಣಗಳಲ್ಲಿ ಕಾಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಗೆ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ತಿಥಿಯ ದಿನ ಕಾಗೆ ಮುಟ್ಟಲೆಂದು ಇಟ್ಟು ಕಾಯುವ ಪಿಂಡ, ಇಲ್ಲವೇ ಶನಿದೇವರ ವಾಹನ. ಅದೇ ಕರಿಯ ಹಕ್ಕಿ ಚೀನಾ, ಕೊರಿಯಾ ಮತ್ತು ಜಪಾನಿನ ಹಳೆಯ ಚಿತ್ರಗಳಲ್ಲಿ ಸೂರ್ಯಬಿಂಬದ ನಟ್ಟನಡುವೆ ನಿಂತಿರುವುದನ್ನು ಮೊದಲ ಬಾರಿಗೆ ಕಂಡವರು ಬೆರಗಾಗುವುದು ಸಹಜ. ಆ ಬೆರಗಿನ ಹಿಂದೆಯೇ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇನೆ. 'ಪೂರ್ವ ಏಷ್ಯಾದ ಕಾಗೆ' ಎಂಬ ಒಂದೇ ಸಂಕೇತವಿಲ್ಲ. ಯಾವ ನಾಡಿನ, ಯಾವ ಕಾಲದ ಕಾಗೆ ಎಂದು ಕೇಳಿಕೊಂಡ ಮೇಲೆಯೇ ಅದರ ಅರ್ಥ ತಿಳಿಯುತ್ತದೆ ಎಂಬುದನ್ನು ಓದುಗರು ಮೊದಲಿಗೇ ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಸೂರ್ಯನೊಳಗೆ ಕಾಗೆ ಇದೆ ಎಂಬ ಕಲ್ಪನೆ ಎಷ್ಟು ಹಳೆಯದು?

ಬರಹದ ಸಾಕ್ಷ್ಯ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಚೀನಾದ ಪ್ರಾಚೀನ ಭೂಗೋಳ-ಪುರಾಣ ಸಂಕಲನವಾದ 'ಶಾನ್‌ಹಾಯ್ ಜಿಂಗ್'ನಲ್ಲಿ ಪೂರ್ವದ ಕಡಲಾಚೆ ಫುಸಾಂಗ್ ಎಂಬ ಮಹಾವೃಕ್ಷವಿದೆ, ಒಬ್ಬ ಸೂರ್ಯ ಅಲ್ಲಿಗೆ ಮರಳಿದಾಗ ಮತ್ತೊಬ್ಬ ಹೊರಡುತ್ತಾನೆ, ಅವರೆಲ್ಲರನ್ನೂ ಕಾಗೆಗಳು ಹೊತ್ತೊಯ್ಯುತ್ತವೆ ಎಂಬ ಮಾತು ಬರುತ್ತದೆ. ಕ್ರಿ.ಪೂ. 139ರಲ್ಲಿ ಚೀನಾದ ಹಾನ್ ವಂಶದ ಚಕ್ರವರ್ತಿ ವು ಅವರಿಗೆ ಅರ್ಪಿತವಾದ 'ಹುವಾಯ್‌ನಾನ್‌ಜಿ' ಎಂಬ ಗ್ರಂಥವಾದರೋ ಸೂರ್ಯನಲ್ಲಿ ಕಾಗೆ, ಚಂದ್ರನಲ್ಲಿ ನೆಲಗಪ್ಪೆ ಇದೆ ಎನ್ನುತ್ತದೆ. ಮೊದಲನೆಯದರಲ್ಲಿ ಕಾಗೆ ಸೂರ್ಯನನ್ನು ಹೊರುವ ವಾಹನ, ಎರಡನೆಯದರಲ್ಲಿ ಸೂರ್ಯನೊಳಗಿನ ವಾಸಿ. ಈ ಎರಡು ಕಲ್ಪನೆಗಳು ಮುಂದೆ ಒಂದರೊಳಗೊಂದು ಬೆರೆತುಹೋದವು.

ಚಿತ್ರದ ಸಾಕ್ಷ್ಯಗಳಲ್ಲಿ ಅತ್ಯಂತ ಸುಂದರವಾದದ್ದು ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಬಳಿಯ ಮಾವಾಂಗ್‌ದುಯಿಯಲ್ಲಿ ದೊರೆತದ್ದು. 1972ರಲ್ಲಿ ಅಲ್ಲಿ ಸಾಮಂತನೊಬ್ಬನ ಪತ್ನಿಯಾದ ಶಿನ್ ಝುಯಿಯ ಸಮಾಧಿಯನ್ನು ತೆರೆದಾಗ, ಶವಪೆಟ್ಟಿಗೆಯ ಮೇಲೆ ಎರಡು ಮೀಟರಿಗೂ ಉದ್ದವಾದ ಚಿತ್ರಿತ ರೇಷ್ಮೆ ಪತಾಕೆಯೊಂದು ಹಾಸಿಕೊಂಡಿತ್ತು. ಅದು ಕ್ರಿ.ಪೂ. 2ನೆಯ ಶತಮಾನದ್ದು. ಪತಾಕೆಯ ಮೇಲ್ತುದಿಯ ಬಲಮೂಲೆಯಲ್ಲಿ ದಟ್ಟ ಕೆಂಪು ಸೂರ್ಯಬಿಂಬ, ಅದರೊಳಗೆ ಕಪ್ಪು ಕಾಗೆ. ಎಡಮೂಲೆಯಲ್ಲಿ ಬಾಗಿದ ಚಂದ್ರ, ಅದರ ಮೇಲೆ ನೆಲಗಪ್ಪೆ ಮತ್ತು ಮೊಲ. ಸೂರ್ಯನ ಕೆಳಗೆ ಬಳುಕುವ ಮರದ ಕೊಂಬೆಗಳ ನಡುವೆ ಚಿಕ್ಕ ಚಿಕ್ಕ ಕೆಂಪು ಬಿಂಬಗಳಿವೆ. ಗಮನವಿಟ್ಟು ನೋಡಿದವರಿಗೆ ಕಾಣುವ ಒಂದು ಸಂಗತಿಯೆಂದರೆ, ಈ ಕಾಗೆಗೆ ಎರಡೇ ಕಾಲು. ಮೂರನೆಯ ಕಾಲು ಆ ಚಿತ್ರಗಾರನಿಗೆ ಅಗತ್ಯವೆನಿಸಿರಲಿಲ್ಲ.

ಹತ್ತು ಸೂರ್ಯರ ಕಥೆ ಏನು?

ದಿ ಜುನ್ ಎಂಬ ದೇವನ ಪತ್ನಿ ಶಿಹೆ ಹತ್ತು ಸೂರ್ಯರನ್ನು ಹೆತ್ತಳು. ಎಳೆಯ ಮಕ್ಕಳಿಗೆ ತಾಯಿ ನೀರೆರೆಯುವಂತೆ ಅವಳು ಆ ಸೂರ್ಯರನ್ನು ಮಡುವೊಂದರಲ್ಲಿ ಮೀಯಿಸುತ್ತಿದ್ದಳು. ಅವರಿಗೆ ಫುಸಾಂಗ್ ಮರವೇ ಮನೆ. ಒಂಬತ್ತು ಮಂದಿ ಕೆಳಗಿನ ಕೊಂಬೆಗಳಲ್ಲಿ, ಅಂದು ಹೊರಡಬೇಕಾದ ಒಬ್ಬ ಮೇಲಿನ ಕೊಂಬೆಯಲ್ಲಿ. ಈ ಮರವನ್ನು ಹಿಪ್ಪುನೇರಳೆಯ ಜಾತಿಯದೆಂದು ಹೇಳಲಾಗಿದೆ. ರೇಷ್ಮೆಯ ನಾಡಿನಲ್ಲಿ ಸೂರ್ಯ ಹುಟ್ಟುವ ಮರವೂ ರೇಷ್ಮೆಹುಳುವಿನ ಮೇವಿನ ಮರವೇ ಆಗಿರುವುದು ನನಗೆ ಬಹಳ ಹಿಡಿಸಿದ ವಿವರ.

ಸರದಿ ತಪ್ಪದೆ ನಡೆಯುತ್ತಿದ್ದ ಈ ವ್ಯವಸ್ಥೆ ಯಾವೊ ಎಂಬ ಅರಸನ ಕಾಲದಲ್ಲಿ ಕೆಟ್ಟಿತು. ಹತ್ತು ಸೂರ್ಯರೂ ಒಟ್ಟಿಗೇ ಆಕಾಶಕ್ಕೇರಿದ್ದರಿಂದ ಪೈರು ಸುಟ್ಟುಹೋಯಿತು, ಗಿಡಮರ ಒಣಗಿದವು, ಜನರಿಗೆ ತಿನ್ನಲು ಇಲ್ಲವಾಯಿತು. ಆಗ ಯಿ ಎಂಬ ಬಿಲ್ಲುಗಾರ ಬಾಣ ಹೂಡಿ ಒಬ್ಬನನ್ನು ಉಳಿಸಿ ಮಿಕ್ಕವರನ್ನೆಲ್ಲ ಹೊಡೆದುರುಳಿಸಿದನು. ಪ್ರಾಚೀನ ಕಾವ್ಯವೊಂದಕ್ಕೆ ಕ್ರಿ.ಶ. 2ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ವಾಂಗ್ ಯಿ ಎಂಬ ವಿದ್ವಾಂಸ, ಒಂಬತ್ತು ಸೂರ್ಯರೊಳಗಿದ್ದ ಒಂಬತ್ತು ಕಾಗೆಗಳು ಸತ್ತು ಅವುಗಳ ಗರಿಗಳು ಉದುರಿದವು ಎಂದು ವಿವರಿಸುತ್ತಾನೆ. ಕಾದ ಆಕಾಶದಿಂದ ನೆಲಕ್ಕೆ ಬೀಳುವ ಕಪ್ಪು ಗರಿಗಳ ಆ ಚಿತ್ರ ಒಮ್ಮೆ ಕಂಡರೆ ಮರೆಯುವುದಿಲ್ಲ.

ಹತ್ತು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಚೀನಾದ ಶಾಂಗ್ ಅರಸರ ಕಾಲದಲ್ಲೇ ದಿನಗಳನ್ನು ಹತ್ತು ಹತ್ತರ ಗುಂಪಾಗಿ ಎಣಿಸುವ ರೂಢಿಯಿತ್ತು, ಹತ್ತು ದಿನಕ್ಕೂ ಹತ್ತು ಹೆಸರುಗಳಿದ್ದವು. ದಿನಕ್ಕೊಬ್ಬ ಸೂರ್ಯ ಎಂಬ ಕಥೆಯನ್ನು ಆ ಪಂಚಾಂಗದ ಜೊತೆಗಿಟ್ಟು ಓದುವುದು ಸೂಕ್ತ.

ಮೂರು ಕಾಲು ಏಕೆ?

ಹಾನ್ ಕಾಲದ ಪಂಡಿತರು ಕೊಟ್ಟ ವಿವರಣೆ ಸಂಖ್ಯಾತತ್ತ್ವದ್ದು. ಬೆಳಕು, ಶಾಖ, ಚಲನೆಗಳ ತತ್ತ್ವವಾದ 'ಯಾಂಗ್'ಗೆ ಬೆಸಸಂಖ್ಯೆ. ಅದು ಒಂದರಿಂದ ಆರಂಭವಾಗಿ ಮೂರರಲ್ಲಿ ಪೂರ್ಣವಾಗುತ್ತದೆ. ಆದ್ದರಿಂದ ಯಾಂಗ್‌ನ ಸಾರವೇ ಆದ ಸೂರ್ಯನಲ್ಲಿ ಇರುವ ಕಾಗೆಗೆ ಮೂರು ಕಾಲು. ಇದಕ್ಕೆ ಜೋಡಿಯಾಗಿ ತಂಪು ಮತ್ತು ಕತ್ತಲೆಯ 'ಯಿನ್' ತತ್ತ್ವದ ಚಂದ್ರನಲ್ಲಿ ನೆಲಗಪ್ಪೆ ಮತ್ತು ಮೊಲವನ್ನು ಇರಿಸಿದರು. ಹೀಗೆ ಕಾಗೆಯೂ ಕಪ್ಪೆಯೂ ಹಗಲು ರಾತ್ರಿಗಳ ಜೋಡಿ ಗುರುತುಗಳಾದವು. ಸಮಾಧಿಗಳ ಛಾವಣಿಯಲ್ಲಿ ಇವೆರಡನ್ನೂ ಎದುರುಬದುರಾಗಿ ಬರೆದರೆ ಸತ್ತವರ ತಲೆಯ ಮೇಲೆ ಒಂದು ಪೂರ್ಣ ಆಕಾಶವೇ ಸಿದ್ಧವಾದಂತೆ. ಪಶ್ಚಿಮದ ರಾಣಿಮಾತೆ ಶಿವಾಂಗ್‌ಮುವಿನ ಆಸ್ಥಾನವನ್ನು ತೋರಿಸುವ ಸಿಚುವಾನಿನ ಹಾನ್ ಕಾಲದ ಇಟ್ಟಿಗೆ ಶಿಲ್ಪಗಳಲ್ಲಿಯೂ ಮೂರು ಕಾಲಿನ ಹಕ್ಕಿ ಅವಳ ಸೇವಕನಾಗಿ ಕಾಣಿಸಿಕೊಳ್ಳುತ್ತದೆ.

ಸೂರ್ಯನ ಮೇಲಿನ ಕಲೆಗಳನ್ನು ಕಂಡೇ ಈ ಕಲ್ಪನೆ ಹುಟ್ಟಿತೆ?

ಹೀಗೆ ಊಹಿಸಿದ ವಿದ್ವಾಂಸರಿದ್ದಾರೆ, ಊಹೆಗೆ ಆಧಾರವೂ ಇದೆ. ಕ್ರಿ.ಪೂ. 28ರಲ್ಲಿ ಸೂರ್ಯ ಹಳದಿಯಾಗಿ ಉದಯಿಸಿದನೆಂದೂ ಅವನ ನಡುವೆ ನಾಣ್ಯದಷ್ಟು ದೊಡ್ಡ ಕಪ್ಪು ಆವಿ ಕಂಡಿತೆಂದೂ ಹಾನ್ ವಂಶದ ಅಧಿಕೃತ ಇತಿಹಾಸದಲ್ಲಿ ದಾಖಲಾಗಿದೆ. ದೂಳು ಮುಸುಕಿದ ಮುಂಜಾನೆ ಅಥವಾ ಸಂಜೆ ದೊಡ್ಡ ಕಲೆಗಳು ಬರಿಗಣ್ಣಿಗೂ ಕಾಣುತ್ತವೆ. ಆದರೆ ಕಲೆಯಿಂದಲೇ ಕಾಗೆ ಹುಟ್ಟಿತು ಎಂದು ಹೇಳುವ ಪ್ರಾಚೀನ ಬರಹವಿಲ್ಲ. ಬೆಳಗಾಗುವ ಹೊತ್ತಿಗೆ ಕೂಗಿ ಮೇಲೇಳುವ, ಸಂಜೆ ಗುಂಪುಗುಂಪಾಗಿ ಮರಕ್ಕೆ ಮರಳುವ ಹಕ್ಕಿಯನ್ನು ಸೂರ್ಯನ ನಡೆಯೊಂದಿಗೆ ಜೋಡಿಸಲು ಕಲೆಗಳ ಅಗತ್ಯವೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಕಾಲದವರೆಲ್ಲ ಇದನ್ನು ಕಣ್ಣುಮುಚ್ಚಿ ನಂಬಿದ್ದರೆಂದೂ ತಿಳಿಯಬಾರದು. ಕ್ರಿ.ಶ. 1ನೆಯ ಶತಮಾನದ ವಾಂಗ್ ಚುಂಗ್ ಎಂಬ ಚಿಂತಕ, ಸೂರ್ಯನೆಂದರೆ ಆಕಾಶದ ಬೆಂಕಿ, ಭೂಮಿಯ ಬೆಂಕಿಯಲ್ಲಿ ಯಾವ ಜೀವಿಯೂ ಬದುಕದಿರುವಾಗ ಆಕಾಶದ ಬೆಂಕಿಯಲ್ಲಿ ಕಾಗೆ ಬದುಕುವುದು ಹೇಗೆ ಎಂದು ನೇರವಾಗಿ ಕೇಳಿದ್ದನು.

ಸಾನ್‌ಶಿಂಗ್‌ದುಯಿಯ ಕಂಚಿನ ಮರದ ಮೇಲಿರುವ ಹಕ್ಕಿಗಳು ಕಾಗೆಗಳೆ?

ಹಾಗೆ ಖಚಿತವಾಗಿ ಹೇಳಲಾಗದು. ಸಿಚುವಾನಿನಲ್ಲಿ 1986ರಲ್ಲಿ ದೊರೆತ, ಸುಮಾರು ನಾಲ್ಕು ಮೀಟರ್ ಎತ್ತರದ ಆ ಮರದಲ್ಲಿ ಒಂಬತ್ತು ಹಕ್ಕಿಗಳಿರುವುದರಿಂದ ಫುಸಾಂಗ್ ಮರದ ನೆನಪಾಗುತ್ತದೆ. ಆದರೆ ಅವುಗಳ ಕೊಕ್ಕು ಬಾಗಿದೆ, ಮರವೂ ಬರಹದ ಸಾಕ್ಷ್ಯಗಳಿಗಿಂತ ಬಹಳ ಹಳೆಯದು. ಸೂರ್ಯನ ಹಕ್ಕಿ ಎಂದರೆ ಸಾಕು.

ಕಾಗೆಯನ್ನು ತಾಯ್ತಂದೆಯರ ಸೇವೆಯ ಹಕ್ಕಿ ಎನ್ನುವುದೇಕೆ?

ಮರಿ ಕಾಗೆ ದೊಡ್ಡದಾದ ಮೇಲೆ, ಮುಪ್ಪಾದ ತಾಯಿಗೆ ತಾನೇ ಗುಟುಕು ತಂದು ಉಣಿಸುತ್ತದೆ ಎಂಬ ನಂಬಿಕೆ ಚೀನಾದಲ್ಲಿ ಬಹು ಹಿಂದಿನಿಂದ ಇದೆ. ಕ್ರಿ.ಶ. 100ರ ಸುಮಾರಿಗೆ ಶು ಶೆನ್ ರಚಿಸಿದ ಪ್ರಸಿದ್ಧ ನಿಘಂಟು ಕಾಗೆಯನ್ನು ಅರ್ಥೈಸುವುದೇ 'ಪಿತೃಭಕ್ತಿಯ ಹಕ್ಕಿ' ಎಂದು. ಕಾಗೆಗಿರುವ ಚೀನೀ ಅಕ್ಷರದ ರಚನೆಯನ್ನೂ ಇಲ್ಲಿಯೇ ಹೇಳಬೇಕು: 'ಹಕ್ಕಿ' ಎಂಬ ಅಕ್ಷರದ ತಲೆಭಾಗದಲ್ಲಿರುವ ಒಂದು ಚಿಕ್ಕ ಗೆರೆಯನ್ನು ತೆಗೆದುಬಿಟ್ಟರೆ 'ಕಾಗೆ' ಎಂಬ ಅಕ್ಷರವಾಗುತ್ತದೆ. ಮೈಯೆಲ್ಲ ಕಪ್ಪಾದ್ದರಿಂದ ಅದರ ಕಣ್ಣು ಕಾಣಿಸುವುದಿಲ್ಲ, ಹಾಗಾಗಿ ಕಣ್ಣಿನ ಗೆರೆಯನ್ನು ಬಿಟ್ಟಿದ್ದಾರೆ ಎಂಬುದು ಸಾಂಪ್ರದಾಯಿಕ ವಿವರಣೆ.

ಈ ಸಂಕೇತ ಬದುಕಿನಲ್ಲಿ ಹೇಗೆ ಬಳಕೆಯಾಯಿತು ಎಂಬುದಕ್ಕೆ ಕ್ರಿ.ಶ. 267ರ ಒಂದು ಅರ್ಜಿಯನ್ನು ನೋಡಬಹುದು. ಜಿನ್ ವಂಶದ ಚಕ್ರವರ್ತಿ ಲಿ ಮಿ ಎಂಬವನನ್ನು ಹುದ್ದೆಗೆ ಕರೆದಾಗ, ತನಗೆ 44 ವರ್ಷ, ತನ್ನನ್ನು ಸಾಕಿ ಬೆಳೆಸಿದ ಅಜ್ಜಿಗೆ 96 ವರ್ಷ, ಚಕ್ರವರ್ತಿಯ ಸೇವೆಗೆ ಮುಂದೆ ಬಹಳ ದಿನಗಳಿವೆ, ಅಜ್ಜಿಯ ಋಣ ತೀರಿಸಲು ಇರುವ ದಿನಗಳು ಕಡಿಮೆ, ಕಾಗೆಗಿರುವಂಥ ಈ ಮಮತೆಯಿಂದ ಅವಳನ್ನು ಕೊನೆಯವರೆಗೆ ನೋಡಿಕೊಳ್ಳಲು ಬಿಡಬೇಕೆಂದು ಅವನು ಬೇಡಿಕೊಂಡನು. ಅರಸನ ಆಜ್ಞೆಗೆ ಒಲ್ಲೆನೆನ್ನುವುದು ಪ್ರಾಣಕ್ಕೆ ಕುತ್ತು ತರಬಹುದಾಗಿದ್ದ ಕಾಲದಲ್ಲಿ ಒಬ್ಬ ಮನುಷ್ಯ ಕಾಗೆಯನ್ನು ಸಾಕ್ಷಿಗೆ ಕರೆದನೆಂದರೆ, ಆ ಹಕ್ಕಿಗೆ ಅಂದು ಎಂಥ ಗೌರವವಿತ್ತೆಂದು ಊಹಿಸಬಹುದು. ಪಕ್ಷಿವಿಜ್ಞಾನದ ದೃಷ್ಟಿಯಿಂದ ಹೇಳುವುದಾದರೆ, ಕೆಲವು ಜಾತಿಯ ಕಾಗೆಗಳಲ್ಲಿ ಬೆಳೆದ ಮರಿಗಳು ತಾಯ್ತಂದೆಯರ ಜೊತೆಗೇ ಉಳಿದು ಮುಂದಿನ ಮರಿಗಳ ಪಾಲನೆಗೆ ನೆರವಾಗುತ್ತವೆ. ಈ ನಂಬಿಕೆಗೆ ಅಂಥ ನೋಟಗಳೂ ಒಂದು ಕಾರಣವಾಗಿದ್ದೀತು.

ಹಾಗಾದರೆ ಇಂದಿನ ಚೀನಾದಲ್ಲಿ ಕಾಗೆ ಅಪಶಕುನವಾದದ್ದು ಹೇಗೆ?

ಪ್ರಾಚೀನ ಕಾಲದಲ್ಲಿ ಕಾಗೆ ರಾಜಯೋಗದ ಶುಭಶಕುನವೂ ಆಗಿತ್ತು. ಝೋ ವಂಶದ ವು ಎಂಬ ಅರಸ, ಶಾಂಗ್ ವಂಶದ ಅರಸನ ಮೇಲೆ ಸೈನ್ಯ ಕಟ್ಟಿದಾಗ, ಆಕಾಶದಿಂದ ಇಳಿದ ಬೆಂಕಿ ಅವನ ಬಿಡಾರದ ಬಳಿ ಕೆಂಪು ಕಾಗೆಯಾಗಿ ಮಾರ್ಪಟ್ಟಿತೆಂದು ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಕಾಲಾಂತರದಲ್ಲಿ ಹೆಣ, ಮಸಣ, ಬರಿದಾದ ರಣರಂಗಗಳೊಂದಿಗೆ ಕಾಗೆಯ ಹೆಸರು ಅಂಟಿಕೊಂಡಿತು. ಶುಭದ ಪಾಲನ್ನೆಲ್ಲ ಮ್ಯಾಗ್‌ಪೈ ಎಂಬ ಕಪ್ಪು-ಬಿಳುಪಿನ ಹಕ್ಕಿ ತೆಗೆದುಕೊಂಡಿತು. ಈಗ ಕೆಟ್ಟದ್ದನ್ನೇ ನುಡಿಯುವವರಿಗೆ ಚೀನೀಯರು 'ಕಾಗೆ ಬಾಯಿ' ಎನ್ನುತ್ತಾರೆ.

ಆದರೆ ಗೌರವ ಎಲ್ಲ ಕಡೆಯೂ ಅಳಿಯಲಿಲ್ಲ. 1644ರಿಂದ ಬೀಜಿಂಗಿನಿಂದ ಆಳಿದ ಮಾಂಚು ಜನರಿಗೆ ಕಾಗೆ ತಮ್ಮ ಪೂರ್ವಜರನ್ನು ಕಾಪಾಡಿದ ಹಕ್ಕಿ. ಶೆನ್‌ಯಾಂಗ್‌ನ ಅರಮನೆಯಲ್ಲಿಯೂ ಬೀಜಿಂಗಿನ ಅರಮನೆಯಲ್ಲಿಯೂ ಎತ್ತರದ ಕಂಬವೊಂದನ್ನು ನೆಟ್ಟು ಅದರ ಮೇಲೆ ಹಕ್ಕಿಗಳಿಗೆಂದು ಮಾಂಸ, ಧಾನ್ಯಗಳನ್ನು ಇಡುತ್ತಿದ್ದರು. ದಾವೊ ಪಂಥದ ಕ್ಷೇತ್ರವಾದ ವುದಾಂಗ್ ಬೆಟ್ಟದಲ್ಲಿ ಝೆನ್‌ವು ದೇವನಿಗೆ ದಾರಿ ತೋರಿಸಿದ್ದು ಕಾಗೆಯೆಂಬ ಐತಿಹ್ಯವಿದೆ.

ಕೊರಿಯಾದ 'ಸಮ್‌ಜೊಗೊ' ಚೀನಾದ ಕಾಗೆಯೇ ಅಥವಾ ಬೇರೆಯೇ?

ಸಮ್‌ಜೊಗೊ ಎಂಬ ಪದದ ಅರ್ಥವೇ ಮೂರು ಕಾಲಿನ ಕಾಗೆ. ಗೊಗುರ್ಯೊ ರಾಜ್ಯದ (ಕ್ರಿ.ಪೂ. 37–ಕ್ರಿ.ಶ. 668) ಸಮಾಧಿಗಳ ಭಿತ್ತಿಚಿತ್ರಗಳಲ್ಲಿ ಅದನ್ನು ಅತ್ಯಂತ ತೇಜಸ್ವಿಯಾದ ರೂಪದಲ್ಲಿ ಕಾಣಬಹುದು. ಇಂದು ಚೀನಾದ ಗಡಿಯೊಳಗಿರುವ ಜಿಆನ್ ಪಟ್ಟಣದ ಬಳಿಯ ಸಮಾಧಿಯೊಂದರಲ್ಲಿ, ಮನುಷ್ಯನ ಮುಖ ಮತ್ತು ನಾಗದ ಮೈಯುಳ್ಳ ಸೂರ್ಯದೇವ ತನ್ನ ತಲೆಯ ಮೇಲೆ ಬಿಂಬವನ್ನು ಎರಡು ಕೈಗಳಿಂದ ಎತ್ತಿ ಹಿಡಿದಿದ್ದಾನೆ, ಅದರೊಳಗೆ ಕಾಗೆ. ಎದುರಿಗೆ ಚಂದ್ರದೇವಿ, ಅವಳ ಬಿಂಬದೊಳಗೆ ನೆಲಗಪ್ಪೆ. 2004ರಲ್ಲಿ ಯುನೆಸ್ಕೊ ಉತ್ತರ ಕೊರಿಯಾದ ಮತ್ತು ಚೀನಾದ ಗೊಗುರ್ಯೊ ತಾಣಗಳನ್ನು ಬೇರೆ ಬೇರೆಯಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಹಕ್ಕಿ ಯಾರದು ಎಂಬ ಜಗಳ ಅಂತರ್ಜಾಲದಲ್ಲಿ ಆಗಾಗ ಏಳುತ್ತದೆ. ಕಲ್ಪನೆಯ ಬರಹದ ದಾಖಲೆ ಚೀನಾದಲ್ಲಿ ಹಲವು ಶತಮಾನ ಮೊದಲಿನದು ಎಂಬುದೂ ನಿಜ. ತಲೆಯ ಮೇಲೆ ಜುಟ್ಟು, ಬಿಚ್ಚಿದ ರೆಕ್ಕೆ, ನೆಟ್ಟಗೆ ನಿಂತ ಮೈಕಟ್ಟಿನ ಗೊಗುರ್ಯೊ ಕಾಗೆ ಅಲ್ಲಿನ ಕಲಾವಿದರ ಸ್ವಂತದ್ದು ಎಂಬುದೂ ನಿಜ. ಒಂದನ್ನು ಒಪ್ಪಲು ಇನ್ನೊಂದನ್ನು ಅಲ್ಲಗಳೆಯಬೇಕಿಲ್ಲ.

ಕೊರಿಯಾದ ಜನಪದ ಕಥೆಗಳಲ್ಲಿ ಕಾಗೆಯ ಪಾತ್ರವೇನು?

ಇಲ್ಲಿ ಕಥೆಗಳು ಹೇರಳವಾಗಿವೆ. 13ನೆಯ ಶತಮಾನದಲ್ಲಿ ಇರ್ಯೊನ್ ಎಂಬ ಬೌದ್ಧ ಭಿಕ್ಷು ಸಂಕಲಿಸಿದ 'ಸಮ್‌ಗುಕ್ ಯುಸಾ'ದಲ್ಲಿ ಕ್ರಿ.ಶ. 488ರ ಒಂದು ಪ್ರಸಂಗವಿದೆ. ಸಿಲ್ಲಾ ರಾಜ್ಯದ ಅರಸ ಹೊರಗೆ ಹೋಗಿದ್ದಾಗ ಒಂದು ಕಾಗೆಯೂ ಒಂದು ಇಲಿಯೂ ಎದುರಾದವು. ಕಾಗೆ ಹೋದ ದಾರಿ ಹಿಡಿಯಿರಿ ಎಂದು ಇಲಿ ಮನುಷ್ಯರಂತೆ ನುಡಿಯಿತು. ಬೆನ್ನಟ್ಟಿ ಹೋದ ಸವಾರ ದಾರಿಯಲ್ಲಿ ಎರಡು ಹಂದಿಗಳ ಕಾದಾಟ ನೋಡುತ್ತ ನಿಂತು ಕಾಗೆಯನ್ನು ಕಳೆದುಕೊಂಡ. ಅಷ್ಟರಲ್ಲಿ ಕೊಳದಿಂದ ಮುದುಕನೊಬ್ಬ ಎದ್ದುಬಂದು ಓಲೆಯೊಂದನ್ನು ಕೊಟ್ಟನು. ತೆರೆದರೆ ಇಬ್ಬರು ಸಾಯುತ್ತಾರೆ, ತೆರೆಯದಿದ್ದರೆ ಒಬ್ಬ ಸಾಯುತ್ತಾನೆ ಎಂದು ಅದರ ಮೇಲೆ ಬರೆದಿತ್ತು. ಒಬ್ಬ ಸತ್ತರೆ ಸಾಕೆಂದು ಅರಸ ಸುಮ್ಮನಾಗಲಿದ್ದಾಗ, ಆ ಒಬ್ಬ ಎಂದರೆ ಅರಸನೇ ಎಂದು ಶಕುನದವನು ಎಚ್ಚರಿಸಿದನು. ಒಳಗೆ ಇದ್ದದ್ದು ಒಂದೇ ಮಾತು: ವೀಣೆಯ ಪೆಟ್ಟಿಗೆಗೆ ಬಾಣ ಹೊಡೆ. ಹೊಡೆದಾಗ ಅರಸನಿಗೆ ಎರಡು ಬಗೆದು ಅದರೊಳಗೆ ಅವಿತಿದ್ದ ಅಂತಃಪುರದ ಹೆಣ್ಣು ಮತ್ತು ಒಬ್ಬ ಭಿಕ್ಷು ಸಿಕ್ಕಿಬಿದ್ದರು. ಅಂದಿನಿಂದ ವರ್ಷದ ಮೊದಲ ಹುಣ್ಣಿಮೆಯಂದು ಕಾಗೆಗಳಿಗೆ ಅಂಟಕ್ಕಿಯ ಅನ್ನವನ್ನು ಇಡುವ ಪದ್ಧತಿ ಬಂತು. ಜೇನು, ಬೋರೆಹಣ್ಣಿನ ಜಾತಿಯ ಹಣ್ಣು, ಚೆಸ್ಟ್‌ನಟ್ ಬೆರೆಸಿ ಆ ದಿನ ಕೊರಿಯನ್ನರು ಮಾಡುವ ಯಾಕ್‌ಬಾಪ್ ಎಂಬ ಸಿಹಿ ಅನ್ನದ ಮೂಲವನ್ನು ಈ ಕಥೆಗೇ ಜೋಡಿಸುತ್ತಾರೆ.

ಅದೇ ಗ್ರಂಥದಲ್ಲಿ ಕ್ರಿ.ಶ. 157ರದೆಂದು ಹೇಳುವ ಯೊನೊ ಮತ್ತು ಸೆಯೊ ಎಂಬ ದಂಪತಿಯ ಕಥೆಯಿದೆ. ಇಬ್ಬರ ಹೆಸರಿನಲ್ಲಿಯೂ ಕಾಗೆ ಎಂಬ ಅಕ್ಷರವಿದೆ. ಅವರನ್ನು ಹೊತ್ತ ಬಂಡೆ ಕಡಲು ದಾಟಿ ಜಪಾನಿಗೆ ಹೋದಾಗ ಸಿಲ್ಲಾದಲ್ಲಿ ಸೂರ್ಯಚಂದ್ರರ ಬೆಳಕೇ ಇಲ್ಲವಾಯಿತು. ಸೆಯೊ ನೇಯ್ದು ಕಳಿಸಿದ ರೇಷ್ಮೆಯನ್ನು ಇಟ್ಟು ಪೂಜಿಸಿದ ಮೇಲೆ ಬೆಳಕು ಮರಳಿತು.

ಜೇಜು ದ್ವೀಪದ ಪೂಜಾರಿಗಳು ಹಾಡುವ ಪುರಾಣದಲ್ಲಿ ಕಾಗೆ ಯಮದೂತನ ಓಲೆಕಾರ. ಮುದುಕರು ಮೊದಲು, ಎಳೆಯರು ಆಮೇಲೆ ಎಂದು ಸಾವಿನ ಸರದಿ ಬರೆದ ಓಲೆಯನ್ನು ಅದು ಕುದುರೆ ಮಾಂಸದ ಆಸೆಗೆ ಬಿದ್ದು ದಾರಿಯಲ್ಲಿ ಕಳೆದುಕೊಂಡು, ಬಾಯಿಗೆ ಬಂದಂತೆ ಕೂಗಿಬಿಟ್ಟಿತು. ಲೋಕದಲ್ಲಿ ಹಿರಿಯರು ಇರುವಾಗಲೇ ಕಿರಿಯರು ಸಾಯುವುದು ಇದರಿಂದಲೇ ಎನ್ನುತ್ತಾರೆ. ಮಗುವನ್ನು ಕಳೆದುಕೊಂಡ ಮನೆಯವರ ಮುಂದೆ ಈ ಹಾಡನ್ನು ಹಾಡುವಾಗ ಅದು ಎಷ್ಟು ದುಃಖವನ್ನು ಹೊರಬೇಕಾಗಿತ್ತೆಂದು ಯೋಚಿಸಬೇಕು.

ಜಪಾನಿನ 'ಯಾತಗರಾಸು' ಯಾರು? ಅದಕ್ಕೂ ಮೊದಲಿನಿಂದಲೇ ಮೂರು ಕಾಲಿತ್ತೆ?

ಯಾತಗರಾಸು ದಾರಿ ತೋರುವ ಕಾಗೆ. ಜಪಾನಿನ ಹಳೆಯ ಪುರಾಣ-ಇತಿಹಾಸ ಗ್ರಂಥಗಳಾದ 712ರ 'ಕೊಜಿಕಿ' ಮತ್ತು 720ರ 'ನಿಹೋನ್ ಶೋಕಿ' ಎರಡರಲ್ಲೂ ಅದರ ಕಥೆಯಿದೆ. ಜಪಾನಿನ ಮೊದಲ ಚಕ್ರವರ್ತಿಯೆಂದು ಹೇಳುವ ಜಿಮ್ಮು ತನ್ನ ಪಡೆಯೊಂದಿಗೆ ಕುಮಾನೊದ ದಟ್ಟ ಬೆಟ್ಟಗಾಡಿನಲ್ಲಿ ದಾರಿಗಾಣದಾದಾಗ ಮೇಲಿನ ಲೋಕದಿಂದ ಈ ಕಾಗೆ ಬಂದು ಅವನನ್ನು ಯಾಮಾತೊ ಬಯಲಿಗೆ ಕರೆದೊಯ್ದಿತು. ಕಳುಹಿಸಿದ್ದು ತಾಕಾಗಿ ದೇವ ಎಂದು ಒಂದು ಗ್ರಂಥ, ಸೂರ್ಯದೇವಿ ಅಮಾತೆರಾಸು ಎಂದು ಇನ್ನೊಂದು ಹೇಳುತ್ತವೆ.

ಮೂರು ಕಾಲಿನ ಮಾತು ಈ ಎರಡೂ ಗ್ರಂಥಗಳಲ್ಲಿ ಇಲ್ಲ. ಹೆಸರಿನ ಅರ್ಥವೂ ದೊಡ್ಡ ಗಾತ್ರದ ಕಾಗೆ ಎಂದೇ. 10ನೆಯ ಶತಮಾನದ ನಿಘಂಟೊಂದರ ಹೊತ್ತಿಗೆ ಚೀನಾದಿಂದ ಬಂದ ಸೂರ್ಯನ ಕಾಗೆ ಮತ್ತು ಜಿಮ್ಮುವಿನ ದಾರಿಯ ಕಾಗೆ ಒಂದೇ ಆಗಿಬಿಟ್ಟವು. ಸೂರ್ಯನ ಕಾಗೆ ಜಪಾನಿಗೆ ಅದಕ್ಕೂ ಮೊದಲೇ ಬೇರೆ ದಾರಿಯಿಂದ ಬಂದಿತ್ತು: 701ರ ಹೊಸವರ್ಷದ ಅರಮನೆಯ ಸಮಾರಂಭದಲ್ಲಿ ಕಾಗೆಯ ಆಕಾರದ ಧ್ವಜಸ್ತಂಭವನ್ನು ನಿಲ್ಲಿಸಿದ ದಾಖಲೆಯಿದೆ. ಜಿಮ್ಮುವಿನ ಬಿಲ್ಲಿನ ತುದಿಗೆ ಬಂದು ಕುಳಿತು ಶತ್ರುಗಳ ಕಣ್ಣು ಕೋರೈಸಿದ ಚಿನ್ನದ ಹದ್ದು ಮತ್ತೊಂದು ಹಕ್ಕಿ. ಅದನ್ನು ಕಾಗೆಯೊಂದಿಗೆ ಬೆರೆಸುವ ತಪ್ಪನ್ನು ಅನೇಕರು ಮಾಡುತ್ತಾರೆ.

ಕುಮಾನೊದ ಕಾಗೆ ಕಾಗದ ಎಂದರೇನು?

ಕುಮಾನೊದಲ್ಲಿ ಹೊಂಗು, ಹಾಯಾತಮಾ, ನಾಚಿ ಎಂಬ ಮೂರು ಮಹಾಕ್ಷೇತ್ರಗಳಿವೆ. ಅಲ್ಲಿ ಕೊಡುವ ರಕ್ಷಾಪತ್ರದ ಮೇಲೆ ದೂರದಿಂದ ನೋಡಿದರೆ ದಪ್ಪನೆಯ ಕಪ್ಪು ಅಕ್ಷರಗಳು. ಹತ್ತಿರ ಹಿಡಿದರೆ ಪ್ರತಿ ಅಕ್ಷರವೂ ತಿರುಗಿದ, ಬಾಗಿದ, ಜೋಡಿಯಾದ ಕಾಗೆಗಳ ಸಾಲು. ಹೊಂಗು ಪತ್ರದಲ್ಲಿ 88, ನಾಚಿಯದರಲ್ಲಿ 72, ಹಾಯಾತಮಾದರಲ್ಲಿ 48 ಕಾಗೆಗಳು. ಮಧ್ಯಯುಗದ ಸಮುರಾಯಿಗಳು ಈ ಕಾಗದದ ಹಿಂಬದಿಯಲ್ಲಿ ಪ್ರತಿಜ್ಞೆಗಳನ್ನು ಬರೆದು ಸಹಿ ಹಾಕುತ್ತಿದ್ದರು. ಮಾತು ತಪ್ಪಿದರೆ ಕುಮಾನೊದಲ್ಲಿ ಕಾಗೆ ಸಾಯುತ್ತದೆ, ತಪ್ಪಿದವನೂ ರಕ್ತ ಕಾರಿ ಸಾಯುತ್ತಾನೆ ಎಂಬುದು ನಂಬಿಕೆ. ಕೊಟ್ಟ ಮಾತಿಗೆ ಕಾಗೆಯ ಪ್ರಾಣವನ್ನೇ ಒತ್ತೆಯಿಟ್ಟಂತೆ.

ಜಪಾನಿನ ಫುಟ್‌ಬಾಲ್ ಲಾಂಛನದಲ್ಲಿರುವುದು ಇದೇ ಕಾಗೆಯೆ?

ಹೌದು. 1921ರಲ್ಲಿ ಸ್ಥಾಪನೆಯಾದ ಜಪಾನ್ ಫುಟ್‌ಬಾಲ್ ಸಂಸ್ಥೆ 1931ರಲ್ಲಿ ಚೆಂಡು ಹಿಡಿದ ಮೂರು ಕಾಲಿನ ಕಾಗೆಯನ್ನು ಲಾಂಛನವಾಗಿ ಸ್ವೀಕರಿಸಿತು. ಜಪಾನಿನಲ್ಲಿ ಈ ಆಟದ ಆರಂಭಕಾರರಲ್ಲಿ ಒಬ್ಬರಾದ ನಾಕಾಮುರಾ ಕಾಕುನೊಸುಕೆ ಅವರ ಹುಟ್ಟೂರು ನಾಚಿ ಪ್ರದೇಶವೇ. ಆಟಗಾರರು ಇಂದಿಗೂ ಕುಮಾನೊಗೆ ಹರಕೆ ಹೊರುತ್ತಾರೆ.

ಇವುಗಳಿಗೂ ನಮ್ಮ ಕಾಗೆಯ ನಂಬಿಕೆಗಳಿಗೂ ಸಂಬಂಧವಿದೆಯೆ?

ಶನಿಯ ವಾಹನಕ್ಕೂ ಸೂರ್ಯನ ಕಾಗೆಗೂ, ಪಿಂಡದ ಕಾಗೆಗೂ ಕೊರಿಯಾದ ಅಂಟಕ್ಕಿಯ ಅನ್ನಕ್ಕೂ ನೇರವಾದ ಚಾರಿತ್ರಿಕ ಕೊಂಡಿ ತೋರಿಸಲಾಗದು. ಹೋಲಿಕೆ ಕಂಡಲ್ಲೆಲ್ಲ ನಂಟು ಕಟ್ಟುವ ಆತುರ ಬೇಡ. ಖಚಿತವಾದ ಕೊಂಡಿ ಇರುವುದು ಶಕುನಶಾಸ್ತ್ರದಲ್ಲಿ. ಕಾಗೆ ಯಾವ ದಿಕ್ಕಿನಲ್ಲಿ, ಯಾವ ಹೊತ್ತಿನಲ್ಲಿ ಕೂಗಿದರೆ ಯಾವ ಫಲ ಎಂದು ಹೇಳುವ ವಿದ್ಯೆ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿದೆ. ಅದೇ ಬಗೆಯ ಸಂಸ್ಕೃತ ಕೃತಿಯೊಂದು ಟಿಬೆಟನ್ ಭಾಷೆಗೆ ಹೋಯಿತು. ಚೀನಾದ ವಾಯವ್ಯದ ದುನ್‌ಹುವಾಂಗ್ ಗುಹೆಗಳ ಹಸ್ತಪ್ರತಿಗಳಲ್ಲಿ ಟಿಬೆಟನ್ ಕಾಗೆಶಕುನದ ಪಟ್ಟಿಯೇ ಸಿಕ್ಕಿದೆ. 'ಮನೆ ಮುಂದೆ ಕಾಗೆ ಕೂಗಿತು, ನೆಂಟರು ಬರುತ್ತಾರೆ' ಎನ್ನುವ ನಮ್ಮ ಮಾತಿನ ದೂರದ ಬಂಧುಗಳು ರೇಷ್ಮೆ ದಾರಿಯ ಮರಳಿನಲ್ಲಿಯೂ ಇದ್ದರು.

ನಂಟಿಲ್ಲದೆಯೂ ಬೆರಗು ಹುಟ್ಟಿಸುವ ಹೋಲಿಕೆ ಒಂದಿದೆ. ಕಾಗೆ ಹಾರಿತು, ಅದೇ ಗಳಿಗೆಗೆ ಪೇರ್‌ಹಣ್ಣು ಉದುರಿತು ಎಂದು ಕೊರಿಯನ್ನರು ಗಾದೆ ಹೇಳುತ್ತಾರೆ. ತಪ್ಪು ಮಾಡದವನ ಮೇಲೆ ಸಂಶಯ ಬರುವಂತೆ ಎರಡು ಘಟನೆ ಒಟ್ಟಿಗೆ ನಡೆದಾಗ ಬಳಸುವ ಮಾತು ಅದು. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದನ್ನು ನಾವು 'ಕಾಕತಾಳೀಯ' ಎನ್ನುತ್ತೇವೆ. ಅಲ್ಲಿ ಹಾರುವ ಕಾಗೆ, ಇಲ್ಲಿ ಕೂರುವ ಕಾಗೆ. ಎರಡು ಕಡೆಯೂ ಹಣ್ಣು ಬೀಳುತ್ತದೆ, ಎರಡು ಕಡೆಯೂ ಕಾಗೆ ನಿರಪರಾಧಿ.

ಈ ಕಾಗೆಗಳನ್ನು ನೋಡಬೇಕಾದರೆ ಎಲ್ಲಿಗೆ ಹೋಗಬೇಕು?

ಮಾವಾಂಗ್‌ದುಯಿಯ ಪತಾಕೆ ಚಾಂಗ್‌ಶಾದ ಹುನಾನ್ ವಸ್ತುಸಂಗ್ರಹಾಲಯದಲ್ಲಿದೆ. ಜಪಾನಿಗೆ ಹೋಗುವವರು ನಾರಾ ಬಳಿಯ ಹೋರ್ಯೂಜಿ ವಿಹಾರದಲ್ಲಿ 7ನೆಯ ಶತಮಾನದ ತಾಮಾಮುಶಿ ಗುಡಿಮಂಟಪವನ್ನು ನೋಡಬೇಕು. ಅದರ ಹಿಂಬದಿಯ ಫಲಕದಲ್ಲಿ ಬರೆದಿರುವುದು ನಮ್ಮ ಮೇರುಪರ್ವತ. ಬೌದ್ಧಧರ್ಮದ ಜೊತೆ ಭಾರತದಿಂದ ಹೊರಟು ಚೀನಾ, ಕೊರಿಯಾಗಳನ್ನು ಹಾದು ಅಲ್ಲಿಗೆ ತಲುಪಿದ ಮೇರು. ಅದರ ಪಕ್ಕದಲ್ಲಿ ತೇಲುವ ಪುಟ್ಟ ಸೂರ್ಯನೊಳಗೆ ಮೂರು ಕಾಲಿನ ಹಕ್ಕಿ ನಿಂತಿದೆ. ಮೆರುಗೆಣ್ಣೆಯ ಕಪ್ಪು ಹಲಗೆಯ ಮೇಲೆ ಬಣ್ಣ ಮಾಸಿರುವುದರಿಂದ ಕಣ್ಣು ಹೊಂದಿಕೊಳ್ಳುವವರೆಗೆ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ.